ಭದ್ರೆಯ ನೆಂಟರು

ಬಹುಕಾಲದ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದಾಗ, ಕುಂಜರಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಪಟ್ಟದಾನೆಯ ಹೆಸರು ಭದ್ರೆ. ಅದನ್ನು ಸಾಕಿದವಳು ಮಾವುತರ ಮನೆಯ ಬೊಮ್ಮವ್ವೆ. ತುತ್ತಿಡುವಾಗ ಮೊಳಕೈವರೆಗೆ ಆನೆಯ ಬಾಯೊಳಗೆ ಕೈಯಿಟ್ಟು ದವಡೆಹಲ್ಲನ್ನು ತಡವಿ ನೋಡುವುದು ಆ ಮನೆತನದ ಪದ್ಧತಿ.

ಒಂದು ದಿನ ಧೂಮಾಕ್ಷನೆಂಬ ಮಾಯಾವಿಯು ಭದ್ರೆಯನ್ನು ಅಪಹರಿಸಿ ತನ್ನ ಶಿಲಾಲಯದಲ್ಲಿ ನಿಲ್ಲಿಸಿದನು. ತನ್ನ ಬಳಗ ಯಾವುದೆಂದು ಗುರುತಿಸಿ ಹೇಳುವವರಿಲ್ಲದ ಪ್ರಾಣಿ ಅಲ್ಲಿ ಕಲ್ಲಾಗುತ್ತಿತ್ತು. ಬಿಡಿಸಲು ಹೋದ ಆಸ್ಥಾನಪಂಡಿತನೂ ಕಲ್ಲಾದನು. ಆಗ ಬೊಮ್ಮವ್ವೆ ಮೂರು ಅನ್ನದುಂಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಅವಳು ತಲುಪಿದಾಗ ಭದ್ರೆ ಹೊಟ್ಟೆಯವರೆಗೆ ಕಲ್ಲಾಗಿತ್ತು.

ಧೂಮಾಕ್ಷನು ನಕ್ಕನು. "ಶಾಸ್ತ್ರ ಓದಿದವನೇ ಬಾಗಿಲಲ್ಲಿ ದೀಪದ ಕಂಬವಾಗಿದ್ದಾನೆ. ಲದ್ದಿ ಬಾಚುವ ನೀನು ಏನು ಕಡಿದು ಕಟ್ಟೆಹಾಕುತ್ತೀಯೆ?"

"ಬಾಚಿದ್ದಕ್ಕೇ ಬಂದೆನಪ್ಪ. ಏನು ಕೇಳುತ್ತೀಯೋ ಕೇಳು."

"ಮೂರು ಪ್ರಶ್ನೆ. ಒಂದು ತಪ್ಪಿದರೂ ನೀನೂ ಕಲ್ಲು, ಅದೂ ಕಲ್ಲು."

ಮೊದಲ ಅಂಗಳದಲ್ಲಿ ಸೊಂಡಿಲೂ ದಂತವೂ ಉಳ್ಳ ಶಿಲಾಮೃಗವೊಂದು ನಿಂತಿತ್ತು. "ಇದು ಆನೆಯೋ?" ಎಂದನು. ಬೊಮ್ಮವ್ವೆ ಉಂಡೆ ಹಿಡಿದು "ಬಾಯಿ ತೆಗಿ, ತಾಯಿ" ಎಂದಳು. ಕಲ್ಲು ಬಾಯಿ ತೆರೆಯಿತು. ಒಳಗೆ ಹಲ್ಲಿನ ಮೇಲೆ ಮೊನಚಾದ ಉಬ್ಬುಗಳು ಕೈಗೆ ತಾಕಿದವು.

"ಆನೆಯ ಹಲ್ಲು ಬೀಸುವ ಕಲ್ಲಿನಂತೆ ಚಪ್ಪಟೆ. ಇದು ಆನೆಯಲ್ಲ. ಬಹು ಹಿಂದೆ ಕವಲೊಡೆದ ದಾಯಾದಿ."

ಎರಡನೆಯ ಅಂಗಳದಲ್ಲಿ ಮೊರದಗಲದ ಕಿವಿಯ ದೊಡ್ಡಾನೆಯೊಂದು; ಅದರ ಮಗ್ಗುಲಲ್ಲಿ ದುಂಡು ಕಿವಿಯ, ನೇರ ದಂತದ ಚಿಕ್ಕದೊಂದು. "ತಾಯಿ ಮತ್ತು ಮರಿ. ಹೌದಲ್ಲವೆ?" ಎಂದನು. ಬೊಮ್ಮವ್ವೆ ಉಂಡೆಯನ್ನು ಎರಡಾಗಿ ಮುರಿದು ಉಣಿಸಿದಳು.

"ಚಿಕ್ಕದರ ಕಡೆಯ ಹಲ್ಲೂ ಸವೆದುಹೋಗಿದೆ. ಇದು ಮರಿಯಲ್ಲ, ಅಜ್ಜಿ! ಒಂದು ಬಯಲಿನದು, ಒಂದು ದಟ್ಟಡವಿಯದು. ಒಂದೇ ಮನೆಯ ಎರಡು ಕುಲ."

ಮಾಯಾವಿಯ ನಗು ಅಡಗಿತು. ಭದ್ರೆಯ ಕೊರಳೂ ಕಲ್ಲಾಗತೊಡಗಿತು.

ಮೂರನೆಯ ಅಂಗಳದಲ್ಲಿ ಎಡಕ್ಕೆ ಮತ್ತೊಂದು ಮೊರಗಿವಿಯ ಆನೆ; ಬಲಕ್ಕೆ ಹಿಮದ ನಾಡಿನಲ್ಲಿ ಅಳಿದುಹೋದ, ಮೈತುಂಬ ಜಡೆಗೂದಲಿನ, ಸುರುಳಿದಂತದ ದೈತ್ಯೆ. "ಭದ್ರೆಗೆ ಹತ್ತಿರದ ನೆಂಟಳು ಯಾರು?"

ಈ ಪ್ರಶ್ನೆಗೇ ಪಂಡಿತನು ಎಡಕ್ಕೆ ಬೆರಳು ತೋರಿ ಕಲ್ಲಾಗಿದ್ದನು. ಬೊಮ್ಮವ್ವೆಯ ಬೆರಳೂ ಅತ್ತಲೇ ಎದ್ದಿತು. ಆದರೆ ಉಣಿಸದೆ ಪ್ರಾಣಿಯ ವಿಷಯ ಆಡಿದವಳಲ್ಲ ಅವಳು. ಕಡೆಯ ಉಂಡೆಯನ್ನೂ ಮುರಿದಳು. ಎಡದ ಬಾಯಲ್ಲಿ ಕವಡೆಯಾಕಾರದ ಅಗಲ ಗೀರುಗಳು. ಬಲದ ಬಾಯಲ್ಲಿ ಮಡಿಸಿಟ್ಟ ಸೀರೆಯ ನಿರಿಗೆಯಂತೆ ಒತ್ತೊತ್ತಾದ ತೆಳುಗೀರುಗಳು. ಭದ್ರೆಯ ಬಾಯಲ್ಲಿ ಇಪ್ಪತ್ತು ವರ್ಷ ದಿನವೂ ಮುಟ್ಟಿದಂಥದೇ ಹಲ್ಲು ಅದು. ಅವಳ ಕಣ್ಣು ತುಂಬಿದವು.

"ಇವಳೇ. ಚಳಿಗೆ ಕಂಬಳಿ ಹೊದ್ದಿದ್ದಾಳೆ, ಅಷ್ಟೆ. ಬಾಯಿ ನಮ್ಮ ಮನೆಯದು."

ಧೂಮಾಕ್ಷನು ಹೊಗೆಯಾಗಿ ಚೆದುರಿದನು. ಭದ್ರೆ ಉಸಿರೆಳೆದುಕೊಂಡಿತು, ಬಯಲಿನವೂ ಅಡವಿಯದೂ ತಮ್ಮ ನಾಡಿಗೆ ನಡೆದವು. ಪಂಡಿತನು ಮೈ ಕೊಡವಿ, "ನಾನು ಕಿವಿ ನೋಡಿದೆ, ತಾಯಿ" ಎಂದನು.

"ಕೈ ಹಾಕಬೇಕಿತ್ತು, ಸ್ವಾಮಿ."

"ನೀನೂ ಬಾರೆ" ಎಂದು ಬೊಮ್ಮವ್ವೆ ಹಿಮದವಳನ್ನು ಕರೆದಳು. ಅದು ಬರಲಿಲ್ಲ, ಅದರ ಕಾಲ ಮುಗಿದಿತ್ತು. ತುತ್ತು ನುಂಗಿ, ಮೊದಲ ಅಂಗಳದ ದೂರದ ದಾಯಾದಿಯೊಡನೆ ಬಿಳಿಯ ಮಂಜಾಗಿ ಮೇಲಕ್ಕೆ ಹೋಯಿತು.

ಕುಂಜರಾವತಿಯಲ್ಲಿ ಎಲ್ಲರೂ ನೆಮ್ಮದಿಯಿಂದ ಬಾಳಿದರು. ಅಂದಿನಿಂದ ಬೊಮ್ಮವ್ವೆ ದಿನದ ಮೊದಲ ತುತ್ತನ್ನು ಹಿಮದವಳಿಗೆಂದು ಉತ್ತರದ ಬಂಡೆಯ ಮೇಲಿಡುತ್ತಿದ್ದಳು. ಎಷ್ಟು ಹಸಿದಿದ್ದರೂ ಭದ್ರೆ ಅದನ್ನು ಮುಟ್ಟುತ್ತಿರಲಿಲ್ಲ.