ದಮ್ಮಿನಿಂದ ಹೊಡೆದ ದೇಮವ್ವ

ಬಹಳ ಬಹಳ ಹಿಂದೆ, ಗುಡ್ಡಗಳಿಗೂ ಹೆಸರಿಡದ ಕಾಲದಲ್ಲಿ, ಜಟ್ಟಿಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ಜನಕ್ಕೆ ತೋಳು ಅಂದರೆ ಪ್ರಾಣ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ತೋಳು ನೋಡಿಕೊಳ್ಳುತ್ತಿದ್ದರು. ಕುಸ್ತಿಗೆ ಇಳಿಯಲಿ, ಬಾವಿಯಿಂದ ಕೊಡ ಎಳೆಯಲಿ, ಹೆಣ್ಣು ನೋಡಲು ಹೋಗಲಿ, ಮೊದಲು ಭುಜವನ್ನು ಪಟಪಟ ತಟ್ಟಿಕೊಳ್ಳಬೇಕು. ಅದು ಅವರ ಪದ್ಧತಿ. ತಟ್ಟದವರನ್ನು ಕಂಡರೆ ಊರೆಲ್ಲ ನಗುತ್ತಿತ್ತು.

ಊರ ಪಕ್ಕದ ಗುಡ್ಡದ ಮೇಲೆ ಹೊಗೆಗಡ್ಡ ಎಂಬ ಮಾಂತ್ರಿಕ ಬಂದು ಕೂತಿದ್ದ. ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಗಡ್ಡ ಕೂದಲಿನದಲ್ಲ, ಹೊಗೆಯದು. ಅವನ ಮುಂದೆ ಪಗಡೆಯ ಹಾಸಿನಂತೆ ಮನೆ ಮನೆಯಾಗಿ ಗೆರೆ ಕೊರೆದ ಒಂದು ಹಾಸುಗಲ್ಲು ಇತ್ತು. ಆಡಲು ಯಾರು ಬಂದರೂ ಅವರದೇ ಮುಖದ ಮರದ ಕಾಯೊಂದು ಕಲ್ಲಿನ ಮೇಲೆ ಮೊಳೆಯುತ್ತಿತ್ತು. ದಾಳ ಉರುಳಿಸಿದರೆ ಕಾಯಿಗಳು ಎದ್ದು ಬಡಿದಾಡುತ್ತಿದ್ದವು. ಕಾಯಿಗೆ ಬಿದ್ದ ಏಟು ಆಡುವವರ ಮೈಗೇ ಬೀಳುತ್ತಿತ್ತು. ಗೆದ್ದರೆ ಅಲ್ಲಿ ಸೆರೆಯಾದವರಿಗೆಲ್ಲ ಬಿಡುಗಡೆ. ಸೋತರೆ ತಾನೇ ಕಾಯಾಗಿ ಹೊಗೆಗಡ್ಡನ ಪೆಟ್ಟಿಗೆ ಸೇರಬೇಕು. ಜಟ್ಟಿಪುರದ ಜಟ್ಟಿಗಳು ಒಬ್ಬರ ಹಿಂದೆ ಒಬ್ಬರು ಹೋದರು, ಒಬ್ಬರೂ ತಿರುಗಿ ಬರಲಿಲ್ಲ.

ಕೊನೆಗೆ ಹೋದವನು ಕಮ್ಮಾರ ಮಾಚೋಜ. ಅವನ ಸುತ್ತಿಗೆಯನ್ನು ಇಬ್ಬರು ಸೇರಿದರೂ ಎತ್ತಲಾಗುತ್ತಿರಲಿಲ್ಲ. ಅವನೂ ಬರಲಿಲ್ಲ.

ಅವನ ತಂಗಿ ದೇಮವ್ವ ಕುಲುಮೆಯಲ್ಲಿ ಬೆಂಕಿಗೆ ಗಾಳಿ ಊದುವ ತಿದಿ ತುಳಿಯುವವಳು. ಅಣ್ಣ ಕಬ್ಬಿಣ ಬಡಿದು ಸುಸ್ತಾಗಿ ಕೂತರೂ ಇವಳ ಕಾಲು ನಿಲ್ಲುತ್ತಿರಲಿಲ್ಲ. ನಿಂತರೆ ಬೆಂಕಿ ಆರುತ್ತದಲ್ಲ. ಒತ್ತು, ಬಿಡು. ಒತ್ತು, ಬಿಡು. ಬೆಳಗಿನಿಂದ ಸಂಜೆಯವರೆಗೆ ಇದೇ. ತಾಯಿತಂದೆ ಇಲ್ಲದ ಅವಳಿಗೆ ಇದ್ದವನು ಅಣ್ಣ ಒಬ್ಬನೇ. ಅವನಿಲ್ಲದ ಕುಲುಮೆಯಲ್ಲಿ ಕೂತು ಹೊಟ್ಟೆ ತುಂಬಾ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸೆರಗು ಬಿಗಿದು ಎದ್ದಳು.

ಊರ ಬಾಗಿಲಲ್ಲಿ ಗರಡಿಯ ಉಸ್ತಾದ ಸಿಕ್ಕಿದ.

"ಎಲ್ಲಿಗವ್ವ?"

"ಅಣ್ಣನ್ನ ಕರ್ಕೊಂಡು ಬರೋಕೆ."

ಉಸ್ತಾದ ಅವಳನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ. "ನಿನ್ನ ತೋಳು ನೋಡಿದ್ರೆ ನುಗ್ಗೇಕಾಯಿ ನೆನಪಾಗುತ್ತೆ ತಾಯಿ. ಹೋಗಲೇಬೇಕು ಅಂದ್ರೆ ಹೋಗು. ಭುಜ ತಟ್ಟೋದು ಮಾತ್ರ ಮರೀಬೇಡ."

ಅವನ ಬುದ್ಧಿವಾದ ಅಷ್ಟಕ್ಕೇ ಮುಗಿಯಿತು. ದೇಮವ್ವ ಗುಡ್ಡ ಹತ್ತಿದಳು.

ಹೊಗೆಗಡ್ಡ ಅವಳನ್ನು ಕಂಡು ಆಕಳಿಸಿದ. "ಕೂತ್ಕೋ ಹುಡುಗಿ. ಎಲ್ಲಿಂದ ಹೊಡೀತೀಯ? ಕೈಯಿಟ್ಟು ತೋರಿಸು."

ದೇಮವ್ವನ ಕೈ ಅಭ್ಯಾಸಬಲದಿಂದ ಭುಜದ ಕಡೆ ಎದ್ದಿತು. ನುಗ್ಗೇಕಾಯಿ ಮಾತು ನೆನಪಾಗಿ ಅರ್ಧದಲ್ಲೇ ನಿಂತಿತು.

"ಅಜ್ಜಾ, ಬಂದವರೆಲ್ಲ ಭುಜವನ್ನೇ ತಟ್ಟಿದ್ರಾ?"

"ಎಲ್ಲರೂ. ನಾನು ಕೇಳಿ ಮುಗಿಸೋಕೂ ಬಿಡಲ್ಲ, ಪಟಪಟ ತಟ್ಟಿಬಿಡ್ತಾರೆ."

"ಬೇರೆ ಕಡೆ ಕೈಯಿಡಬಾರದಾ?"

ಹೊಗೆಗಡ್ಡನಿಗೆ ನಗು ತಡೆಯಲಾಗಲಿಲ್ಲ. "ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ನೋಡು. ಮೂಗಿನ ಮೇಲಿಡು, ಮಂಡಿ ಮೇಲಿಡು, ಹಾಸುಗಲ್ಲಿಗೇನು? ಎಲ್ಲಿ ಕೈಯಿಡ್ತೀಯೋ ಅಲ್ಲಿನ ಬಲ ನಿನ್ನ ಕಾಯಿಗೆ ಬರುತ್ತೆ. ದಾಳ ಉರುಳಿಸಿ ಏಟು ಕೊಡೋದು, ಕೊಡದೆ ಕೂಡಿಟ್ಕೊಳ್ಳೋದು ನಿನ್ನಿಷ್ಟ. ನನ್ನ ಕಡೆ ಮೂರು ಕಾಯಿ, ಅವು ಮುಗಿದ್ರೆ ನಾನೇ ಕಾಯಿ."

ದೇಮವ್ವ ಪಕ್ಕೆಲುಬಿನ ಕೆಳಗೆ, ಉಸಿರು ಏರಿ ಇಳಿಯುವ ಜಾಗದಲ್ಲಿ, ಅಂಗೈ ಇಟ್ಟಳು. "ಇಲ್ಲಿಂದ. ದಮ್ಮಿನಿಂದ."

"ದಮ್ಮಿದ್ರೆ ಏಟು ತಿನ್ನಬಹುದು ಕಣೇ. ಹೊಡೆಯೋಕಾಗುತ್ತಾ?"

"ನೋಡೋಣ," ಅಂದಳು. ಕಲ್ಲಿನ ಮೇಲೆ ಅವಳ ಮುಖದ ಪುಟ್ಟ ಕಾಯಿ ಎದ್ದು ನಿಂತಿತು. ಅದರ ಕೈಯಲ್ಲಿ ಕಡ್ಡಿಯಷ್ಟು ತೆಳ್ಳನೆಯ ಕೋಲು ಇತ್ತು.

ಮೊದಲು ಬೆಂಕಿಹುಲಿ ಬಂತು. ಅದರ ಉಸಿರು ತಾಗಿದಾಗ ದೇಮವ್ವನ ಮೈಯೆಲ್ಲ ಧಗಧಗ ಉರಿಯಿತು. ಓಡಿಹೋಗೋಣ ಅನ್ನಿಸಿತು, ಹೋಗಲಿಲ್ಲ. ಕುಲುಮೆಯ ಮುಂದೆ ನಿಂತ ಹಾಗೆ ನಿಂತಳು. ಒತ್ತು, ಬಿಡು. ಒತ್ತು, ಬಿಡು. ಹುಲಿ ಹೊಡೆದಂತೆಲ್ಲ ತಾಳಿದ ಏಟು ಕೂಡಿ ಕಾಯಿಯ ಕೈಯ ಕೋಲು ದಪ್ಪಗಾಗುತ್ತಾ ಬಂತು. ಒನಕೆಯಷ್ಟಾದಾಗ ದೇಮವ್ವ ದಾಳ ಉರುಳಿಸಿದಳು. ಒಂದೇ ಏಟಿಗೆ ಹುಲಿ ಬೂದಿಯಾಯಿತು.

ಹೊಗೆಗಡ್ಡನ ಆಕಳಿಕೆ ನಿಂತಿತು.

ಆಮೇಲೆ ಮಂಜಿನಾನೆ ಬಂತು. ಅದು ಹೊಡೆಯಲಿಲ್ಲ, ಬಂದು ಕಾಯಿಯ ಎದೆಯ ಮೇಲೆ ಕೂತುಬಿಟ್ಟಿತು. ದೇಮವ್ವನ ಹಲ್ಲು ಕಟಕಟ ಅಂದವು, ಬೆರಳು ನೀಲಿಯಾದವು, ಎದೆಯ ಮೇಲೆ ಗುಡ್ಡವೇ ಕೂತಂತಾಯಿತು. ಸತ್ತೆ ಅಂದುಕೊಂಡಳು. ಆದರೂ ಒಳಗೆ ಒಂದು ಚೂರು ಉಸಿರು ಆಡುತ್ತಿತ್ತು. ಒತ್ತು, ಬಿಡು. ಒತ್ತು, ಬಿಡು. ಕೂತು ಕೂತು ಆನೆಯೇ ಬೆವರತೊಡಗಿತು. ಮಂಜಿನಾನೆ ಬೆವರಿದರೆ ಉಳಿಯುವುದೇನು? ಅದು ಕರಗಿ ನೀರಾಗಿ ಕಲ್ಲಿನ ಗೆರೆಗಳಲ್ಲಿ ಹರಿದುಹೋಯಿತು. ದೇಮವ್ವ ಆ ನೀರಲ್ಲೇ ಮುಖ ತೊಳೆದುಕೊಂಡಳು. ಆನೆಯ ಭಾರ ಕೂಡಿ, ಏಟು ಖರ್ಚಾಗದೆ ಉಳಿದ ಕೋಲು ಈಗ ಮರದ ಬೊಡ್ಡೆಯಷ್ಟಾಗಿತ್ತು.

ಹೊಗೆಗಡ್ಡ ಹಲ್ಲು ಕಡಿದು ಪೆಟ್ಟಿಗೆಗೆ ಕೈ ಹಾಕಿದ. ಮೂರನೆಯ ಕಾಯಿಯನ್ನು ತೆಗೆದು ಮೆಲ್ಲಗೆ ಇಟ್ಟ. ಅದಕ್ಕೆ ಮಾಚೋಜನ ಮುಖವಿತ್ತು. ಕೈಯಲ್ಲಿ ಸುತ್ತಿಗೆಯಿತ್ತು. ಕಣ್ಣಲ್ಲಿ ಗುರುತು ಮಾತ್ರ ಇರಲಿಲ್ಲ.

"ಹೊಡಿ ಈಗ," ಅಂದ ಹೊಗೆಗಡ್ಡ. "ನಿನ್ನ ಕೋಲು ತಾಗಿದ್ರೆ ಅವನು ಎರಡು ಹೋಳು. ಆಟ ನಿನ್ನದೇ ಅಂದ್ಕೋ. ಉಳಿದವರೆಲ್ಲ ಮನೆಗೆ ಹೋಗ್ತಾರೆ."

ದೇಮವ್ವ ಕಾಯಿಯ ಕಡೆ ಬಗ್ಗಿದಳು. "ಅಣ್ಣ, ನಾನು ದೇಮಿ," ಅಂದಳು. ಮರದ ಕಿವಿಗೆ ಏನು ಕೇಳೀತು? ಸುತ್ತಿಗೆ ಬೀಸಿ ಬಂತು. ಬೆಂಕಿಹುಲಿಯೂ ಅಷ್ಟು ನೋಯಿಸಿರಲಿಲ್ಲ. ಅವಳು ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳೇ ಹೊರತು ಉರುಳಿಸಲಿಲ್ಲ. ಮತ್ತೆ ಬಂತು. ಮತ್ತೆ ತಾಳಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಮಾತ್ರ ಅದೇ, ಒತ್ತು, ಬಿಡು, ಒತ್ತು, ಬಿಡು.

ಅಣ್ಣ ಎಷ್ಟು ಹೊತ್ತಿಗೆ ದಣಿಯುತ್ತಾನೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನೂ ಎಲ್ಲರಂತೆ ಭುಜ ತಟ್ಟಿ ಬಂದವನು. ಇದ್ದದ್ದೆಲ್ಲ ತೋಳಿನ ಬಲ. ಹೊತ್ತು ಇಳಿಯುತ್ತಿದ್ದಂತೆ ಸುತ್ತಿಗೆ ಮೇಲೇಳುವುದು ತಡವಾಯಿತು. ಆಮೇಲೆ ಅರ್ಧಕ್ಕೇ ಎದ್ದಿತು. ಕೊನೆಗೆ ಕಾಯಿ ಉಸ್ಸಪ್ಪಾ ಅಂತ ಸುತ್ತಿಗೆ ಕೆಳಗಿಟ್ಟು ಕೂತುಬಿಟ್ಟಿತು.

ಸೋತು ಕೂತ ಕಾಯಿಗೆ ಹಾಸುಗಲ್ಲಿನ ಮೇಲೆ ಜಾಗವಿಲ್ಲ. ಅದು ತಾನಾಗಿ ಅಂಚಿಗೆ ಸರಿಯಿತು. ಮೂರೂ ಕಾಯಿ ಮುಗಿದ ಮೇಲೆ ಹೊಗೆಗಡ್ಡನೇ ಕಾಯಾಗಿ ನಿಲ್ಲಬೇಕಾಯಿತು.

"ಎಲ್ಲಿಂದ ಹೊಡೀತೀಯ ಅಜ್ಜಾ? ಕೈಯಿಟ್ಟು ತೋರಿಸು," ಅಂದಳು ದೇಮವ್ವ.

ಅವನಿಗೆ ಎಂದೂ ಬಾರದ ಪ್ರಶ್ನೆ ಅದು. ಹಣೆಯ ಮೇಲೆ ಇಟ್ಟಿದ್ದರೆ ಮಂತ್ರವೆಲ್ಲ ಬರುತ್ತಿತ್ತು. ಆದರೆ ಅಷ್ಟು ಕಾಲ ಜಟ್ಟಿಪುರದವರನ್ನೇ ನೋಡಿ ನೋಡಿ ಅವನಿಗೂ ಅದೇ ಚಾಳಿ ಅಂಟಿತ್ತು. ಗಾಬರಿಯಲ್ಲಿ ಪಟಪಟ ಅಂತ ಭುಜ ತಟ್ಟಿಕೊಂಡ. ದಾಳ ಉರುಳಿಸುವುದು ಬಿಟ್ಟರೆ ಬೇರೆ ಕೆಲಸ ಕಾಣದ ಆ ತೋಳಿನಲ್ಲಿ ಏನಿತ್ತು, ಮಣ್ಣು!

ದೇಮವ್ವ ಮುಷ್ಟಿ ಬಿಚ್ಚಿ ದಾಳ ಉರುಳಿಸಿದಳು. ತಿಂದ ಏಟೆಲ್ಲ ಒಂದೇ ಏಟಾಗಿ ಬಿತ್ತು. ಹೊಗೆಗಡ್ಡ ಹಿಡಿಯಷ್ಟು ಮರದ ತುಂಡಾಗಿ ಉರುಳಿಹೋದ. ಅವನ ಗಡ್ಡ ಆಕಾಶಕ್ಕೆ ಹೋಯಿತು.

ಪೆಟ್ಟಿಗೆ ಬಿರಿಯಿತು. ಜಟ್ಟಿಗಳೆಲ್ಲ ಮೈ ಮುರಿಯುತ್ತಾ ಎದ್ದುಬಂದರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಮಾಚೋಜ ಮಾತ್ರ ಕುಣಿಯಲಿಲ್ಲ. ತಂಗಿಯ ಮೈಮೇಲಿನ ಬಾಸುಂಡೆ ನೋಡುತ್ತಾ ನಿಂತಿದ್ದ.

"ಇದು ನಾನು ಹೊಡೆದದ್ದಾ ದೇಮಿ?"

"ಹೌದಣ್ಣ. ಚೆನ್ನಾಗೇ ಹೊಡೆದೆ."

"ನೀನ್ಯಾಕೆ ತಿರುಗಿಸಿ ಹೊಡೀಲಿಲ್ಲ?"

"ನಿನ್ನ ಕರ್ಕೊಂಡು ಹೋಗೋಕೆ ಬಂದವಳು ನಾನು. ಹೋಳು ಮಾಡಿ ಎತ್ಕೊಂಡು ಹೋಗಲಾ?"

ಮಾಚೋಜ ಅಳುತ್ತಲೇ ನಕ್ಕ. ದೇಮವ್ವ ಏಳಲು ಹೋದಳು, ಕಾಲು ಏಳಲಿಲ್ಲ. ಅಷ್ಟು ಹೊತ್ತು ತಾಳಿದ ದಮ್ಮು ಅಲ್ಲಿಗೆ ಮುಗಿದಿತ್ತು. ಅವನು ಅವಳನ್ನು ಮಗುವಿನಂತೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಗುಡ್ಡ ಇಳಿಯುವಷ್ಟರಲ್ಲಿ ಅವಳಿಗೆ ನಿದ್ದೆ ಬಂತು. ಊರಿಗೆ ಊರೇ ವಾಲಗ ಊದಿಸಿಕೊಂಡು ಎದುರು ಬಂತು. ರಾಜ ಪಲ್ಲಕ್ಕಿ ಕಳಿಸಿದ. "ಬೇಡ ಸ್ವಾಮಿ, ಎಚ್ಚರ ಆದೀತು," ಅಂತ ಮಾಚೋಜ ಪಿಸುಗುಟ್ಟಿ, ಮನೆ ತಲುಪುವವರೆಗೆ ಅವಳನ್ನು ಇಳಿಸಲೇ ಇಲ್ಲ.

ಅಣ್ಣತಂಗಿ ಉಂಡು ನಕ್ಕು ಸುಖವಾಗಿದ್ದರು, ಊರೂ ಸುಖವಾಗಿತ್ತು. ನಂಬಿಕೆ ಬಾರದವರು ಜಟ್ಟಿಪುರಕ್ಕೇ ಹೋಗಿ ವಿಚಾರಿಸಿಕೊಳ್ಳಿ. ದಾರಿ ದೂರ, ದಮ್ಮಿದ್ದವರು ಮಾತ್ರ ಹೊರಡಿ.