ಒಂದು ದಿನವೂ ಓಡದ ಎಂಜಿನ್

"ಮುಟ್ಟಬೇಡಿ! ಕೈಯೆಲ್ಲಾ ಗ್ರೀಸಾಗುತ್ತೆ."

"ಆಗ್ಲಿ ಬಿಡಿ! ಗ್ರೀಸಿಗೆ ಹೆದರೋಳಾಗಿದ್ರೆ ಮೆಕ್ಯಾನಿಕ್ ಯಾಕಾಗ್ತಿದ್ದೆ?"

ಜಂಬದಿಂದ ಹೇಳಿ ಮರದ ಪೆಟ್ಟಿಗೆಯೊಳಗೆ ಬಗ್ಗಿದ ಸುಲ್ಮಾ ಮರುಕ್ಷಣ ಕಣ್ಣರಳಿಸಿದಳು. ಆರು ಸಿಲಿಂಡರಿನ ಎಂಜಿನ್... ಎಪ್ಪತ್ತು ವರ್ಷ ಹಳೆಯದು, ಒಂದು ದಿನವೂ ಓಡಿಲ್ಲ! ಕಾರ್ಖಾನೆಯ ಬೂದು ಬಣ್ಣ ಕೂಡ ಹಾಗೇ ಇತ್ತು.

ಮಿಲ್ಟನ್ ನಕ್ಕ. ಪೈಸಾಂಡು ಊರಿನ ಆ ಹಾರ್ಡ್‌ವೇರ್ ಅಂಗಡಿ ಅವನ ತಾತನದು.

"ತಾತ ತಮ್ಮ ಲಾರಿಗೆ ಅಂತ ತರಿಸಿದ್ರು. ಇದು ಬರೋಷ್ಟರಲ್ಲಿ ಲಾರಿ ನದಿ ಪಾಲಾಯ್ತು. ನಿಮಗ್ಯಾಕೆ ಇದೇ ಬೇಕು? ಎಲ್ರೂ ಡೀಸೆಲ್ ಎಂಜಿನ್ ಕೂರಿಸ್ತಾರಲ್ಲ?"

"ಅಪ್ಪನ ಬ್ರೆಡ್ ವ್ಯಾನಿಗೆ. ಅದರಲ್ಲಿದ್ದಿದ್ದೂ ಇದೇ ಥರದ ಎಂಜಿನ್, ಕೆಟ್ಟುಹೋಯ್ತು. ಅವರಿಗೀಗ ಕಣ್ಣು ಕಾಣಲ್ಲ. ಹೊಸ ಬಣ್ಣ ಬಳಿದ್ರೆ ಏನ್ ಗೊತ್ತಾಗುತ್ತೆ? ಅವರಿಗೆ ಬೇಕಿರೋದು ಆ ಸದ್ದು... ಅದೇ ಸದ್ದು!"

ಅವನು ಮಾಟೆ ಎಲೆ ತುಂಬಿದ ಸೋರೆ ಬುರುಡೆಗೆ ಬಿಸಿನೀರು ಹುಯ್ದು ಕಷಾಯವನ್ನು ಅವಳ ಕೈಗಿತ್ತ. 'ಎಷ್ಟು ನಿಧಾನದ ಮನುಷ್ಯ... ಸುಳ್ಳು ಹೇಳೋನಲ್ಲ' ಎಂದುಕೊಂಡಳು ಸುಲ್ಮಾ.

ಅಷ್ಟರಲ್ಲಿ ಅವಳ ಟಾರ್ಚಿನ ಬೆಳಕು ಎಂಜಿನ್ನಿನ ಮುಂಭಾಗದ ದೊಡ್ಡ ಬೋಲ್ಟಿನ ಮೇಲೆ ನಿಂತಿತು. ಮೂಲೆಗಳು ಸವೆದು ಫಳಫಳ ಹೊಳೆಯುತ್ತಿದ್ದವು. ಸ್ಪ್ಯಾನರ್ ಗುರುತು! ಅದೂ ಒಂದೆರಡು ಬಾರಿಯದಲ್ಲ...

'ಯಾರೋ ಬಿಚ್ಚಿದ್ದಾರೆ. ಕೆಟ್ಟಿದ್ದನ್ನು ಮತ್ತೆ ಪೆಟ್ಟಿಗೆಗೆ ತುಂಬಿದ್ದಾರೆ!'

"ಒಂದು ದಿನವೂ ಓಡಿಲ್ಲ ಅಂದ್ರಲ್ಲ?"

"ಓಡಿಲ್ಲ."

"ಹಾಗಾದ್ರೆ ಈ ಬೋಲ್ಟ್ ತಾನಾಗೇ ಸವೆದೋಯ್ತಾ? ನನ್ನ ಕಿವಿಗೆ ಹೂ ಇಡ್ತೀರಾ?"

ಅವನ ಮುಖ ಕೆಂಪಾಯಿತು. "ನಂಬದವರಿಗೆ ನಾನು ಮಾರಲ್ಲ."

ಸುಲ್ಮಾ ಬುರುಡೆಯನ್ನು ಅವನ ಕೈಗೆ ತುರುಕಿದಳು. "ಗ್ರಾಸಿಯಾಸ್!"

ಮಾಟೆ ಕುಡಿಯುವವರು ಬುರುಡೆ ಮರಳಿಸುತ್ತಾ ಧನ್ಯವಾದ ಹೇಳುವುದು ಸಾಕೆನಿಸಿದಾಗ ಮಾತ್ರ. ಮೊದಲ ಸುತ್ತಿಗೇ ಧನ್ಯವಾದ! ಸಾಕು, ಇನ್ನು ತುಂಬಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಂತಾಯಿತು. ಬುರುಡೆ ಹಿಡಿದು ನಿಂತ ಮಿಲ್ಟನ್‌ನನ್ನು ಬಿಟ್ಟು ಅವಳು ಹೊರಟೇಬಿಟ್ಟಳು.

ಬಸ್ ನಿಲ್ದಾಣದಲ್ಲಿ ಚೀಲ ತಡಕಿದರೆ ಟಾರ್ಚ್ ಇಲ್ಲ. ಛೇ! ಸಿಡುಕುತ್ತಲೇ ವಾಪಸಾದವಳು ಬಾಗಿಲಲ್ಲೇ ನಿಂತಳು.

ಮಿಲ್ಟನ್ ಎಂಜಿನ್ನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಅದೇ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಎಂಜಿನ್ನನ್ನೇ ಮೆಲ್ಲನೆ ಕಾಲು ಸುತ್ತು ತಿರುಗಿಸಿದ. ಆಮೇಲೆ ಗೋಡೆಗೆ ಒರಗಿಸಿದ್ದ ಪೆಟ್ಟಿಗೆಯ ಮುಚ್ಚಳವನ್ನು ತಿರುವಿ ಪೆನ್ಸಿಲಿನಿಂದ ಒಂದು ಗೀಟು ಎಳೆದ. ಮೇಲೆ 'ಭಾನುವಾರ' ಎಂಬ ಹಳೆಯ ಬರಹ, ಕೆಳಗೆ ಸಾವಿರಾರು ಗೀಟು!

"ತಿರುಗಿಸ್ದೇ ಬಿಟ್ರೆ ಪಿಸ್ಟನ್ ತುಕ್ಕು ಹಿಡಿದು ಒಳಗೇ ಕಚ್ಕೊಳ್ಳುತ್ತೆ ಅಂತ..." ಅವಳು ಒಳಗೆ ಬಂದಳು. "ಪ್ರತಿ ವಾರ ನೀವು...?"

"ಮೊದ್ಲು ತಾತ. ಅವರು ಹೋದ್ಮೇಲೆ ಹನ್ನೊಂದು ವರ್ಷದಿಂದ ನಾನು."

"ಹೇಳಬಾರದಿತ್ತಾ?"

"ನೀವೆಲ್ಲಿ ಕೇಳಿದ್ರಿ? ತೀರ್ಪೇ ಕೊಟ್ಟುಬಿಟ್ರಿ."

ಯಾರಿಗೂ ಬೇಡದ ಎಂಜಿನ್ನನ್ನು ಒಂದು ವಾರವೂ ತಪ್ಪದೆ ಕಾಪಾಡಿದವನು... ಇಂಥವನನ್ನು ಅನುಮಾನಿಸಿದೆನಲ್ಲ! ಸುಲ್ಮಾಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಮೆಚ್ಚುಗೆ ಉಕ್ಕಿ ಬಂತು.

ಅವನು ಸ್ಪ್ಯಾನರ್ ಚಾಚಿದ. ಅವಳು ತಿರುಗಿಸಿದಳು. ಎಂಜಿನ್ ಬೆಣ್ಣೆಯಷ್ಟು ನಯವಾಗಿ ತಿರುಗಿತು.

"ತಪ್ಪಾಯ್ತು, ಮಿಲ್ಟನ್. ನನಗೆ ಕೊಡ್ತೀರಾ?"

"ಕೂರಿಸೋಕೆ ನಾನೂ ಬರ್ತೀನಿ ಅಂದ್ರೆ ಕೊಡ್ತೀನಿ."

ಬಂದ. ನಾಲ್ಕು ತಿಂಗಳು, ಒಂದು ಭಾನುವಾರವೂ ತಪ್ಪದೆ ಬಂದ. ಕೊನೆಗೊಂದು ಬೆಳಿಗ್ಗೆ ವ್ಯಾನ್ ಗುಡುಗಿ ಎಚ್ಚೆತ್ತಿತು. ಅಂಗಳದ ಕುರ್ಚಿಯಲ್ಲಿದ್ದ ಅಪ್ಪ ತಟ್ಟನೆ ಎದ್ದು, ಕೈ ಚಾಚಿಕೊಂಡು ಸದ್ದಿನತ್ತ ನಡೆದರು. "ಸುಲ್ಮಾ! ನನ್ನ ವ್ಯಾನು ಕಣೇ... ನನ್ನದೇ!" ಬಾನೆಟ್ಟಿಗೆ ಕೆನ್ನೆಯಿಟ್ಟು ಮಗುವಿನ ಹಾಗೆ ಅತ್ತರು.

ಸುಲ್ಮಾ ಕಣ್ಣೊರೆಸಿಕೊಂಡು ತಿರುಗಿದಾಗ ಮಿಲ್ಟನ್ ಬುರುಡೆ ತುಂಬುತ್ತಿದ್ದ.

"ಎಂಜಿನ್ ಓಡ್ತು. ಇನ್ಮೇಲೆ ಭಾನುವಾರ ನಾನೇನ್ಮಾಡ್ಲಿ?"

"ನಮ್ಜೊತೆ ಬ್ರೆಡ್ ಹಂಚೋಕೆ ಬನ್ನಿ. ಅಪ್ಪ ನಮ್ಮಿಬ್ಬರ ನಡುವೆ ಕೂತ್ಕೋತಾರೆ."

"ನಡುವೆನೇ ಕೂರಬೇಕಾ...?"

ಅವಳ ಕೆನ್ನೆ ರಂಗೇರಿತು. ಅವನು ಕೊಟ್ಟ ಕಷಾಯ ಮುಗಿಸಿ ಬುರುಡೆಯನ್ನು ಸುಮ್ಮನೆ ವಾಪಸ್ ಕೊಟ್ಟಳು.

"ಈ ಸಲ ಗ್ರಾಸಿಯಾಸ್ ಇಲ್ವಾ?"

"ಇಲ್ಲ." ಅವಳು ಅವನ ಕಣ್ಣನ್ನೇ ನೋಡಿದಳು. "ಈ ಜನ್ಮದಲ್ಲಿ ಹೇಳಲ್ಲ. ತುಂಬು."