ನೀರು ಹೊರುವವಳ ಹೊದಿಕೆ

"ಕಲೆ ತೆಗೀರಿ, ಹರಿದಿದ್ದನ್ನ ಅಂಟಿಸಿ, ಏನು ಬೇಕಾದ್ರೂ ಮಾಡಿ ಡಾಕ್ಟ್ರೇ. ಆ ನೀಲಿ ಶಾಲನ್ನ ಮಾತ್ರ ಮುಟ್ಟಬೇಡಿ," ಎಂದರು ದೊಡ್ಡಮ್ಮ.

ಡಾಕ್ಟರು ಎಂದರೆ ಮನುಷ್ಯರ ಡಾಕ್ಟರಲ್ಲ. ಹಳೆಯ ಚಿತ್ರದ ಕಾಗದಗಳಿಗೆ ಹಿಡಿದ ಬೂಷ್ಟು, ಹುಳುಕು, ಕಲೆಗಳನ್ನು ವಾಸಿ ಮಾಡುವವನು. ಚಿತ್ರ ದುರಸ್ತಿಯ ಆ ಕಾರ್ಯಾಗಾರಕ್ಕೆ ಅವನು ಸೇರಿ ಹನ್ನೊಂದು ದಿನವಾಗಿತ್ತು. ಎಲ್ಲರೂ ದೊಡ್ಡಮ್ಮ ಎನ್ನುವ ಆ ಹಿರಿಯರು ಅಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವರು. ಅವರ ಅಪ್ಪ, ತಾತ ಇಬ್ಬರೂ ಅದೇ ಮೇಜಿನ ಮುಂದೆ ನಿಂತು ಅದೇ ಕೆಲಸ ಮಾಡಿದವರು. ಮೂರು ತಲೆಮಾರಿನ ಮಾತನ್ನು ಹನ್ನೊಂದು ದಿನದವನು ಒಂದು ನಗೆಯಲ್ಲಿ ಹಾರಿಸಿಬಿಟ್ಟ. ಓದಿದವನಲ್ಲವೇ.

ಮೇಜಿನ ಮೇಲಿದ್ದದ್ದು ಒಂದು ಜಲವರ್ಣ. ಪೂರ್ವದ ದೇಶಗಳ ಹೆಂಗಸರನ್ನು ಕನಸಿನ ರಾಣಿವಾಸದಲ್ಲಿ ಕೂರಿಸಿ ಬರೆಯುವುದು ಒಂದು ಕಾಲದ ವಿದೇಶಿ ಚಿತ್ರಕಾರರ ಗೀಳು. ಇದೂ ಅಂಥದ್ದೇ. ಅಮೃತಶಿಲೆಯ ಕಾರಂಜಿ, ಹುಲಿಯ ಚರ್ಮ, ಹುಕ್ಕಾ, ರೇಷ್ಮೆ ದಿಂಬುಗಳಿಗೆ ಒರಗಿದ ಒಬ್ಬಳು. ಕಾಲಿಗೆ ಗೆಜ್ಜೆ, ಹಣೆಗೆ ಮುತ್ತಿನ ಸಾಲು. ಆದರೆ ಕತ್ತಿನಿಂದ ಮೊಣಕಾಲಿನ ತನಕ ಬೇರೆ ಯಾರೋ ದಪ್ಪನೆಯ ನೀಲಿ ಬಣ್ಣದಲ್ಲಿ ಒರಟು ಶಾಲೊಂದನ್ನು ಹೊದಿಸಿದ್ದರು. ಕಣ್ಣುಗಳೂ ಆ ಮೆತ್ತನೆಯ ಕೋಣೆಗೆ ಸೇರಿದವಲ್ಲ. ಬೈಗುಳವನ್ನು ಬಾಯಲ್ಲೇ ಕಚ್ಚಿ ಹಿಡಿದವಳ ಕಣ್ಣುಗಳು ಅವು.

"ಶಾಲು ಹೊದಿಸಿದ್ದು ನಮ್ಮ ತಾತ," ಎಂದರು ದೊಡ್ಡಮ್ಮ. "ಅವಳು ರಾಣಿಯಲ್ಲ. ಚಿತ್ರಕಾರನ ಮನೆಗೆ ನೀರು ಹೊರ್ತಿದ್ದವಳು. ಕುಂಚ ತೊಳೆಯೋ ನೀರೂ ಅವಳೇ ತಂದಿಡ್ತಿದ್ದಳು. ಒಂದಿನ ಕೂರು ಅಂದ, ಕೂತಳು. ಮೈ ತುಂಬ ಉಣ್ಣೆ ಬಟ್ಟೆ ಹಾಕ್ಕೊಂಡೇ ಕೂತಿದ್ದಳು. ಇವನು ಕಾಗದದ ಮೇಲೆ ಬಿಚ್ಚಿಹಾಕಿದ. ಬಣ್ಣ ಇನ್ನೂ ಮುಗಿದಿರಲಿಲ್ಲ, ಆಗಲೇ ನಾಲ್ಕು ಜನರನ್ನ ಕರೆದು ತೋರಿಸಿದ. ಸುದ್ದಿ ಗಂಡನ ಕಿವಿಗೆ ಬಿತ್ತು. ಅವಳನ್ನ ಮನೆಯಿಂದ ಹೊರಗೆ ಹಾಕಿ, ಅವಳ ಬಟ್ಟೆನೆಲ್ಲ ಬೀದಿಲಿ ಸುಟ್ಟ."

"ಆಮೇಲೆ ಅವಳು ದೆವ್ವ ಆದಳಾ?"

"ಇಲ್ಲ. ಆ ಬೂದಿ ಎತ್ಕೊಂಡು ಬಂದು ಅವನ ಕುಂಚದ ನೀರಿಗೆ ಕಲಸಿದಳು. ಮೂರು ಸಲ ಹೇಳಿದಳಂತೆ: ನನ್ನ ಬಟ್ಟೆ ತೆಗೆದವನ ಮೈ ಮೇಲೆ ಬಟ್ಟೆ ನಿಲ್ಲದಿರಲಿ, ಬಟ್ಟೆ ಮುಗಿದ ಮೇಲೆ ಚರ್ಮ. ಅವನು ಅದೇ ನೀರಲ್ಲಿ ಚಿತ್ರ ಮುಗಿಸಿದ. ಒಂಬತ್ತು ದಿನ ಬದುಕಿದ್ದ. ಅವನನ್ನ ಹೂಳೋಕೆ ಹೋದವರು ವಾರಗಟ್ಟಲೆ ಊಟ ಮಾಡಲಿಲ್ಲ."

ಅವನು ಕನ್ನಡಕ ಒರೆಸಿಕೊಂಡು ನಕ್ಕ. "ಬೂದಿ ಅಂದ್ರೆ ಬೂದು ಬಣ್ಣ, ದೊಡ್ಡಮ್ಮ. ಪುಕ್ಕಟೆ ಬಣ್ಣ ಕೊಟ್ಟು ಹೋಗಿದ್ದಾಳೆ, ಪಾಪ."

ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನೂ ಆಗುವುದಿಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ಉಳಿ, ಸುತ್ತಿಗೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು.

ಕಾರ್ಯಾಗಾರದ ಯಜಮಾನರಿಗೆ ಶಾಲಿನ ಅಡಿಯ ಮೂಲ ಚಿತ್ರ ಬೇಕಿತ್ತು. ಮುಂದಿನ ತಿಂಗಳು ದೊಡ್ಡ ಪ್ರದರ್ಶನವಿತ್ತು. ಊಟದ ನಂತರ ಅವನು ಕಿಟಕಿಯ ಬಳಿ ಕೂತ. ಮೇಲಿನದೂ ನೀರಿನ ಬಣ್ಣ, ಕೆಳಗಿನದೂ ನೀರಿನ ಬಣ್ಣ. ಒಂದು ಹನಿ ಹೆಚ್ಚಾದರೆ ಎರಡೂ ಹೋಗುತ್ತವೆ. ಕಡ್ಡಿಗೆ ಹತ್ತಿ ಸುತ್ತಿ, ನೀರಲ್ಲಿ ಅದ್ದಿ, ಹಿಂಡಿ, ಹೀರುಕಾಗದದ ಮೇಲೆ ಒತ್ತಿ, ಇದೆಯೋ ಇಲ್ಲವೋ ಎನ್ನುವಷ್ಟು ತೇವದಲ್ಲಿ ಶಾಲಿನ ಅಂಚಿನ ಮೇಲೆ ಉರುಳಿಸಿದ. ನೀಲಿ ಹತ್ತಿಗೆ ಹತ್ತಿಕೊಂಡಿತು. ಕೆಲಸಗಾರ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ.

ಭುಜ ಹೊರಗೆ ಬಂತು. ಉಣ್ಣೆ ಕರಟಿದ ವಾಸನೆಯೂ ಬಂತು. ಪಕ್ಕದ ಕೋಣೆಯಲ್ಲಿ ಏನೋ ಸುಟ್ಟಿರಬೇಕು ಎಂದುಕೊಂಡ. ತೋಳು ಹೊರಗೆ ಬಂತು, ಎದೆ ಹೊರಗೆ ಬಂತು. ಮೈಬಣ್ಣ ನಿನ್ನೆ ಬರೆದಷ್ಟು ಹೊಸದಾಗಿತ್ತು. ಅಲ್ಲಿಗೆ ಅವನ ಕೆಲಸ ನಿಂತು ನೋಟ ಶುರುವಾಯಿತು. ಬಗ್ಗಿ, ಮಸೂರ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಇಷ್ಟು ಚೆನ್ನಾಗಿದ್ದು ಯಾಕಮ್ಮ ಮುಚ್ಚಿಟ್ಕೊಂಡಿದ್ದೆ?" ಎಂದು ಅವಳಿಗೇ ಹೇಳಿ, ಫೋನಿನಲ್ಲಿ ಫೋಟೊ ತೆಗೆದು ಇಬ್ಬರು ಗೆಳೆಯರಿಗೆ ಕಳಿಸಿದ.

ಅಂಗಿಯ ಕಾಲರು ಒದ್ದೆಯಾದಂತಾಯಿತು. ಬೆವರೆಂದು ಬೆರಳು ಹಾಕಿದರೆ ಕಾಲರು ಗಂಜಿಯಂತೆ ಬೆರಳಿಗೆ ಮೆತ್ತಿಕೊಂಡು ಬಂತು.

ಸಂಜೆಯೊಳಗೆ ಅಂಗಿ ಹೋಯಿತು. ಯಾವುದೋ ರಾಸಾಯನಿಕ ಚೆಲ್ಲಿರಬೇಕೆಂದು ಹಳೆಯ ಮೇಲಂಗಿ ಸುತ್ತಿಕೊಂಡು ಮನೆಗೆ ಓಡಿದ. ಬಾಗಿಲು ತೆರೆಯುವಷ್ಟರಲ್ಲಿ ಅದೂ ಕರಗಿ ಮೆಟ್ಟಿಲ ಮೇಲೆ ಬಿದ್ದಿತ್ತು. ಹೆಂಡತಿ ಮೊದಲು ನಕ್ಕಳು. ಹತ್ತಿಯ ಬಟ್ಟೆ ಕೊಟ್ಟಳು, ಉಣ್ಣೆಯದು ಕೊಟ್ಟಳು, ಕೊನೆಗೆ ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು ಹೊದಿಸಿದಳು. ಮೈ ಮುಚ್ಚಲು ಹೊದಿಸಿದ್ದೆಲ್ಲ ನೆನೆದ ಕಾಗದದಂತೆ ಕರಗಿ ಇಳಿಯಿತು. ಮನೆಯ ತುಂಬ ಕರಟಿದ ಉಣ್ಣೆಯ ವಾಸನೆ. ಬೆಳಗಾಗುವ ಹೊತ್ತಿಗೆ ಅವಳ ನಗು ಎಲ್ಲಿ ಹೋಗಿತ್ತೋ. ಅವನ ಎಡ ಭುಜವನ್ನು ನೋಡುತ್ತ ಗೋಡೆಗೆ ಒರಗಿ ನಿಂತಿದ್ದಳು.

"ನಿಮ್ಮ ಭುಜ..." ಎಂದಳು.

ಹಳೆಯ ಗೋಡೆಯ ಸುಣ್ಣದಂತೆ ಚರ್ಮ ಎದ್ದಿತ್ತು. ನೋವಿರಲಿಲ್ಲ. ಗಾಳಿ ಮಾತ್ರ ತಾಗುತ್ತಿತ್ತು. ಅಲ್ಲಿಗೆ ಎಂದೂ ತಾಗಬಾರದ ಗಾಳಿ.

"ಕಾರು ತೆಗಿ," ಎಂದ.

ಹಿಂದಿನ ಸೀಟಿನಲ್ಲಿ ಮುದುಡಿ ಕೂತ. ಮರೆಗೆಂದು ಹಿಡಿದ ದಿನಪತ್ರಿಕೆ ಮುದ್ದೆಯಾಗಿ ತೊಡೆಯ ಮೇಲೆ ಬಿತ್ತು. ಕೆಂಪು ದೀಪಕ್ಕೆ ಕಾರು ನಿಂತಾಗ ಪಕ್ಕದಲ್ಲೇ ಬಸ್ಸೊಂದು ನಿಂತಿತು. ಕಿಟಕಿಗೊಂದು ಮುಖ. ಮೊದಲು ಒಬ್ಬ ನೋಡಿದ, ಅವನು ಇನ್ನೊಬ್ಬನನ್ನು ತಿವಿದ, ಆಮೇಲೆ ಬಸ್ಸಿಗೆ ಬಸ್ಸೇ ಬಗ್ಗಿತು. ಯಾರೋ ಫೋನು ಎತ್ತಿ ಹಿಡಿದರು. ಅವನು ಎರಡು ಕೈಗಳಿಂದ ಮುಚ್ಚಿಕೊಳ್ಳಲು ನೋಡಿದ. ಎರಡು ಕೈ ಸಾಲಲಿಲ್ಲ. ನಾಚಿಕೆಗೆ ಅವನ ಕಣ್ಣಲ್ಲಿ ನೀರು ಬಂತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಊಟ ಈಗಷ್ಟೇ ಬಡಿಸಿಯಾಗಿತ್ತು.

ಕಾರ್ಯಾಗಾರದಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಅವನನ್ನು ನೋಡಿ ಮುಖ ತಿರುಗಿಸಿಕೊಂಡರು.

"ನೀಲಿ ಬಣ್ಣ ಕೊಡಿ. ಮತ್ತೆ ಬಳಿದುಬಿಡ್ತೀನಿ," ಎಂದ.

ಬಳಿದ. ಎಣ್ಣೆಯ ಮೇಲೆ ನೀರು ನಿಂತಂತೆ ಬಣ್ಣ ಹನಿಹನಿಯಾಗಿ ಅವಳ ಭುಜದ ಮೇಲಿಂದ ಉರುಳಿ ಕೆಳಗೆ ಬಿತ್ತು. ಮತ್ತೆ ಬಳಿದ. ಮತ್ತೆ ಉರುಳಿತು.

"ನೀವೇ ಹೊದಿಸಿ ದೊಡ್ಡಮ್ಮ. ನಿಮ್ಮ ತಾತ ಹೊದಿಸಿದ್ರಲ್ಲ."

"ತಾತ ಹೊದಿಸಿದಾಗ ಬಿಚ್ಚಿದವನು ಸತ್ತುಹೋಗಿದ್ದ. ನೀವಿನ್ನೂ ಬದುಕಿದ್ದೀರಿ. ಬದುಕಿರೋ ತನಕ ಬಿಚ್ಚಿದವನೇ ಕೊಡಬೇಕು ಅಂತ ತಾತ ಹೇಳ್ತಿದ್ರು."

"ಏನು ಕೊಡಲಿ? ನನ್ನ ಹತ್ರ ಏನಿದೆ ಹೊದಿಸೋಕೆ?"

ದೊಡ್ಡಮ್ಮ ಅವನ ಬಲಗೈ ನೋಡಿದರು. ನಿನ್ನೆ ಹತ್ತಿ ಉರುಳಿಸಿದ ಕೈ. ಅವನೂ ನೋಡಿದ. ಮಣಿಕಟ್ಟಿನ ಸುತ್ತ ಚರ್ಮ ಸಡಿಲವಾಗಿ, ಬಿಗಿ ತಪ್ಪಿದ ಕೈಗವಸಿನಂತೆ ಜೋಲುತ್ತಿತ್ತು.

"ಇನ್ನೊಂದು ಗಂಟೆಗೆ ಎಲ್ಲ ಕಡೆನೂ ಹೀಗೇ ಆಗುತ್ತೆ. ಆಮೇಲೆ ಕೊಡೋಕೆ ಕೈ ಇರಲ್ಲ," ಎಂದರು ದೊಡ್ಡಮ್ಮ.

ಹೆಂಡತಿ ಬಾಗಿಲ ಹೊರಗೆ ನಿಂತು ಕಿವಿ ಮುಚ್ಚಿಕೊಂಡಳು.

ಅವನು ತಟ್ಟೆಗೆ ನೀರು ಸುರಿದ. ಬಲಗೈ ಅದ್ದಿದ. ಹಳೆಯ ಕಾಗದದ ಬೆನ್ನಿನಿಂದ ರಟ್ಟು ಬಿಡಿಸುವಾಗಲೂ ಹೀಗೇ. ನೆನೆಯಬೇಕು. ಕಾಯಬೇಕು. ಅವಸರ ಕೂಡದು. ಎಡಗೈಯ ಉಗುರಿನಿಂದ ಅಂಚು ಎತ್ತಿದ. ಬಂತು. ಈಗ ನೋವೂ ಬಂತು. ಇಷ್ಟು ಹೊತ್ತು ತಡೆದಿದ್ದ ನೋವೆಲ್ಲ ಒಟ್ಟಿಗೆ ಬಂತು. ಕಿರುಚಿದ. ನಿಲ್ಲಿಸಲಿಲ್ಲ. ಮುಂಗೈ. ಅಂಗೈ. ಬೆರಳು. ಒಂದು. ಎರಡು. ಕಣ್ಣು ಕತ್ತಲಿಟ್ಟಿತು. ಮೂರು. ತೆಳು ಹಾಳೆಯಂತೆ ಅದು ನೀರಲ್ಲಿ ತೇಲಿತು. ಗೋಧಿ ಹಿಟ್ಟಿನ ಅಂಟು ಎಲ್ಲಿ. ಇಲ್ಲಿದೆ. ಕುಂಚ. ಎಡಗೈಯಲ್ಲೇ ಹಚ್ಚಿದ. ಹಾಳೆ ಎತ್ತಿದ. ಅವಳ ಭುಜದ ಮೇಲಿಟ್ಟ. ಎಳೆದ. ತೋಳು ಮುಚ್ಚಿತು. ಎಳೆದ. ಎದೆ ಮುಚ್ಚಿತು. ಇನ್ನೂ ಎಳೆದ. ಒಂದು ಕೈಯ ಚರ್ಮ ಅಷ್ಟು ಹಿಗ್ಗುವುದುಂಟೇ. ಹಿಗ್ಗಿತು. ಮೊಣಕಾಲು ಮುಚ್ಚಿತು. ಅವನು ಹೀರುಕಾಗದ ಇಟ್ಟು ಒತ್ತಿದ. ಒತ್ತಿಕೊಂಡೇ ನಿಂತ.

ವಾಸನೆ ಹೋಯಿತು.

ಹೆಂಡತಿ ಒಳಗೆ ಬಂದು ತನ್ನ ಮೇಲುವಸ್ತ್ರವನ್ನು ಅವನ ಮೇಲೆ ಹಾಕಿದಳು. ಅದು ಕರಗಲಿಲ್ಲ. ಅವನು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಮಗುವಿನಂತೆ ಅತ್ತ.

ಆಸ್ಪತ್ರೆಯಲ್ಲಿ ಭುಜದ ಗಾಯ ಮಾಯಿತು. ಬಲಗೈ ಬೆರಳುಗಳು ಸೆಟೆದುಕೊಂಡು ಕುಂಚ ಹಿಡಿಯುವುದಕ್ಕಿರಲಿ, ಅನ್ನ ಕಲಸುವುದಕ್ಕೂ ಬಾರದಾದವು. ಜೀವ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಅವನೂ ಹಾಗೇ ಅಂದುಕೊಂಡ. ಆಗಿನ್ನೂ ಚಿತ್ರ ಪೆಟ್ಟಿಗೆಯೊಳಗೆ, ಕತ್ತಲಲ್ಲಿತ್ತು.

ನೀಲಿ ಶಾಲಿನ ಅಡಿಯಲ್ಲಿ ಸಿಕ್ಕಿತೆಂದು ಎಲ್ಲರೂ ನಂಬಿದ ಕಂದು ಹೊದಿಕೆಯನ್ನು ನೋಡಿ ತಿಳಿದವರು ತಲೆದೂಗಿದರು. ಎಂಥ ಕೈಚಳಕ, ಬಟ್ಟೆಗೇ ಉಸಿರಿದೆ ಅಂದರು. ಯಜಮಾನರು ಅದನ್ನೇ ಪ್ರದರ್ಶನದ ಬಾಗಿಲಿಗೆ ಎದುರಾಗಿ ತೂಗುಹಾಕಿಸಿದರು. ಮೊದಲ ದಿನ ಬೆಳಗ್ಗೆ ಅವನು ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಮೈ ಮೇಲೆ ಏನೋ ಹರಿದಾಡಿದಂತಾಯಿತು. ಭುಜದ ಮೇಲೆ ಹತ್ತಿ, ಎದೆಗೆ ಇಳಿದು, ಅಲ್ಲಿ ನಿಂತಿತು. ಅಂಗಿಯೊಳಗೆ ನೋಡಿಕೊಂಡ. ಏನೂ ಇರಲಿಲ್ಲ. ಇನ್ನೊಂದು ಹತ್ತಿತು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ನೂರಾರು. ಅವು ಕಣ್ಣುಗಳೆಂದು ತಿಳಿಯಲು ಅವನಿಗೆ ಸಂಜೆಯಾಯಿತು. ಪ್ರದರ್ಶನದ ಬಾಗಿಲು ಹಾಕಿದೊಡನೆ ನಿಂತುಹೋದವು.

ಚಿತ್ರ ಇಳಿಸಿ ಎಂದು ಯಜಮಾನರಿಗೆ ಫೋನು ಮಾಡಿ ಗೋಗರೆದ. "ಓದಿದವರಾಗಿ ಏನ್ರೀ ಇದು," ಎಂದು ನಕ್ಕು ಅವರು ಫೋನಿಟ್ಟರು. ದೊಡ್ಡಮ್ಮನಿಗೆ ಮಾಡಿದ.

"ಅವಳ ಮೇಲೆ ಬೀಳ್ತಿದ್ದ ಕಣ್ಣು ಈಗ ಹೊದಿಕೆ ಮೇಲೆ ಬೀಳ್ತವೆ," ಎಂದರು ದೊಡ್ಡಮ್ಮ. "ಹೊದಿಕೆ ನಿಮ್ಮದಲ್ವಾ."

ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಎಡಗೈಯಲ್ಲಿ ಕಂಬಳಿ ಎಳೆದುಕೊಂಡ.

"ಆ ನಾಚಿಕೆನ ಅವಳು ನೂರು ವರ್ಷ ಹೊತ್ತಿದ್ದಾಳೆ ಡಾಕ್ಟ್ರೇ," ಎಂದು ದೊಡ್ಡಮ್ಮ ಫೋನಿಟ್ಟರು.

ಪ್ರದರ್ಶನ ಇಲ್ಲಿಂದ ಹನ್ನೆರಡು ಊರು ಸುತ್ತಲಿದೆ. ಅವನು ಈಗ ಕೋಣೆಯಲ್ಲಿ ಮೂರು ಕಂಬಳಿ ಹೊದ್ದು, ಕಿಟಕಿ ಮುಚ್ಚಿ ಕೂತಿರುತ್ತಾನೆ. ಹೆಂಡತಿ ಹತ್ತಿರ ಬಂದರೂ ನೋಡಬೇಡ ಎನ್ನುತ್ತಾನೆ. ಹತ್ತು ಗಂಟೆಗೆ ಅಲ್ಲಿ ಬಾಗಿಲು ತೆರೆಯುತ್ತದೆ. ಇವತ್ತು ಭಾನುವಾರ, ಜನ ಜಾಸ್ತಿ.